ಕತ್ತರಿ ಹಾಕಿದ ಹುಡುಗನ ಪರವಾಗಿ

ಶನಿವಾರ ಇಲ್ಲೇ ನ್ಯೂಜೆರ್ಸಿಯಲ್ಲಿ ಒಂದು ಹೋಟೆಲ್ ಹಾಲ್‌ನಲ್ಲಿ ಹಳೇ ಕಾಮಿಕ್ಸ್ ಮಾರಾಟ ಇತ್ತು. ಹೋಗಬಾರದು ಅಂತ ಹೋದ ಸಲವೇ ಮನೆಯಲ್ಲಿ ಆಣೆ ಮಾಡಿದ್ದೆ. ಹೋದೆ. ನನ್ನ ಬಗ್ಗೆ ನಿಮಗೆ ಗೊತ್ತಲ್ಲ.

ಒಂದು ಟೇಬಲ್ ಮುಂದೆ ನನಗಿಂತ ಮೊದಲು ಒಬ್ಬರು ನಿಂತಿದ್ದರು. ಕೈಯಲ್ಲಿ 1974ರ ‘ಇನ್‌ಕ್ರೆಡಿಬಲ್ ಹಲ್ಕ್’ 181ನೇ ಸಂಚಿಕೆ. ವುಲ್ವರೀನ್ ಅನ್ನುವ ಸೂಪರ್‌ಹೀರೋ ಮೊದಲ ಸಲ ಪೂರ್ತಿಯಾಗಿ ಕಾಣಿಸಿಕೊಂಡಿದ್ದು ಅದರಲ್ಲೇ. ಅವತ್ತಿನ ಬೆಲೆ 25 ಸೆಂಟ್, ಇವತ್ತು ಸಾಧಾರಣ ಪ್ರತಿಗೂ ಸಾವಿರಾರು ಡಾಲರ್. ಮನುಷ್ಯ ಫೋನಿನ ಟಾರ್ಚ್ ಹಾಕಿಕೊಂಡು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಒಂದೊಂದೇ ಹಾಳೆ ನೋಡುತ್ತಿದ್ದರು. ಓದುಗರ ಪತ್ರಗಳ ಪುಟ ಬಂತು. ಅಲ್ಲಿ ಒಂದು ಚೌಕಾಕಾರದ ತೂತು. ಒಂದು ಬದಿ ನೇರ, ಇನ್ನೊಂದು ಬದಿ ಸೊಟ್ಟ. ಎಳೇ ಕೈಯ ಕತ್ತರಿ ಕೆಲಸ ಅಂತ ನೋಡಿದರೇ ಗೊತ್ತಾಗುತ್ತದೆ. ‘ಯಾವನೋ ಪೋರ ಹಾಳು ಮಾಡಿಬಿಟ್ಟಿದ್ದಾನೆ’ ಅಂತ ಮುಖ ಸಿಂಡರಿಸಿ ಪುಸ್ತಕ ಇಟ್ಟು ಹೋದರು.

ನನಗೆ ಸಿಟ್ಟು ಬಂದಿದ್ದು ಆಗ. ಎರಡು ದಿನ ಆಯ್ತು, ಇನ್ನೂ ಇಳಿದಿಲ್ಲ.

ಹಾಳು ಮಾಡಿದ್ದು ಹೇಗಾಗುತ್ತದೆ ಸ್ವಾಮಿ? ಆ ಕಾಲದಲ್ಲಿ ಇದನ್ನು ಹೊರತರುವ ಮಾರ್ವೆಲ್ ಕಂಪನಿಯವರೇ ಪುಸ್ತಕಗಳ ಒಳಗೆ ಒಂದೊಂದು ಪುಟ್ಟ ಸ್ಟಾಂಪ್ ಅಚ್ಚು ಹಾಕುತ್ತಿದ್ದರು. ಕತ್ತರಿಸಿ, ಆಲ್ಬಮ್ಮಿಗೆ ಅಂಟಿಸಿ, ನೂರು ಸೇರಿಸಿ ಅಂತ ಮಕ್ಕಳಿಗೆ ಅವರೇ ಹೇಳಿದ್ದು. ಈ ಹುಡುಗ ಹೇಳಿದಂತೆ ಮಾಡಿದ್ದಾನೆ. ಬಹುಶಃ ಅವನ ಜೀವನದಲ್ಲಿ ದೊಡ್ಡವರು ಹೇಳಿದ್ದನ್ನು ಕೇಳಿದ್ದು ಅದೊಂದೇ ಸಲ ಇರಬೇಕು. ಐವತ್ತು ವರ್ಷ ಆದಮೇಲೆ ಅದಕ್ಕೂ ಬೈಗುಳ. ಆ ಬೆರಳುದ್ದದ ಚೂರು ಇಲ್ಲ ಅಂದರೆ ಬೆಲೆ ಧಡಾರನೆ ಕುಸಿಯುತ್ತದೆ. ವುಲ್ವರೀನ್ ಇರುವ ಪುಟಗಳೆಲ್ಲ ಹಾಗೇ ಇದ್ದರೂ ಅಷ್ಟೇ.

ಇನ್ನೂ ತಮಾಷೆ ಕೇಳಿ. ಅದೇ ಸ್ಟಾಂಪ್ ಬೇರೆ ಅಗ್ಗದ ಸಂಚಿಕೆಗಳಲ್ಲೂ ಬಂದಿತ್ತು. ಅದನ್ನು ಕತ್ತರಿಸಿ ತಂದು ಇಲ್ಲಿ ಕೂರಿಸುವವರಿದ್ದಾರೆ. ಹಾಗೆ ಕೂರಿಸಿದ್ದಕ್ಕೆ ಇವರ ಭಾಷೆಯಲ್ಲಿ ‘ಮದುವೆ ಆಗಿದೆ’ ಅನ್ನುತ್ತಾರೆ. ಜಾತಕ ನೋಡಿ ಕಂಡುಹಿಡಿಯುವ ಪಂಡಿತರೂ ಇದ್ದಾರೆ. ಹುಡುಗ ಕತ್ತರಿ ಹಾಕಿದರೆ ಹಾಳು, ದೊಡ್ಡವರು ಹಾಕಿದರೆ ಮದುವೆ!

ಈ ಬೆಲೆ ಬಂದಿದ್ದಾದರೂ ಎಲ್ಲಿಂದ, ಸ್ವಲ್ಪ ಯೋಚನೆ ಮಾಡಿ. ಸೂಪರ್‌ಮ್ಯಾನ್ ಮೊದಲು ಬಂದ 1938ರ ‘ಆ್ಯಕ್ಷನ್ ಕಾಮಿಕ್ಸ್’ 1ನೇ ಸಂಚಿಕೆ ಸುಮಾರು 2 ಲಕ್ಷ ಅಚ್ಚಾಗಿತ್ತು. ಬೆಲೆ 10 ಸೆಂಟ್. ಇವತ್ತು ಉಳಿದಿರುವುದು ನೂರರ ಆಸುಪಾಸು ಅಂತ ಅಂದಾಜು. ಉಳಿದವೆಲ್ಲ ಏನಾದವು? ಮಕ್ಕಳು ಓದಿ ಓದಿ ಹರಿದರು. ಗೆಳೆಯರಿಗೆ ಕೊಟ್ಟರು, ವಾಪಸ್ ಬರಲಿಲ್ಲ. ಯುದ್ಧದ ಕಾಲದಲ್ಲಿ ರದ್ದಿ ಸಂಗ್ರಹಕ್ಕೆ ಬಂದವರಿಗೆ ಹಾಕಿದರು. ಮಗ ಕಾಲೇಜಿಗೆ ಹೋದ ಮೇಲೆ ಅಮ್ಮಂದಿರು ಕಸಕ್ಕೆ ಎಸೆದರು. ಅವೆಲ್ಲ ಹೋಗಿದ್ದಕ್ಕೇ ಈ ನೂರಕ್ಕೆ ಕೋಟಿ ಬೆಲೆ. 2024ರಲ್ಲಿ ಒಂದು ಪ್ರತಿ 60 ಲಕ್ಷ ಡಾಲರಿಗೆ ಹೋಯಿತು. ಆ ಹಣದಲ್ಲಿ ಒಂದು ಪೈಸೆಯಾದರೂ ಹರಿದ ಮಕ್ಕಳ ಪಾಲು ಇಲ್ವಾ? ಸುಮ್ನೆ ಕೇಳುತ್ತಿದ್ದೇನೆ. (ಬರೆದ ಸೀಗಲ್, ಚಿತ್ರ ಹಾಕಿದ ಶುಸ್ಟರ್ ಇಬ್ಬರಿಗೂ ಸೇರಿ ಸೂಪರ್‌ಮ್ಯಾನ್ ಹಕ್ಕಿಗೆ ಸಿಕ್ಕಿದ್ದು 130 ಡಾಲರ್. ಆ ಚೆಕ್ಕಿನ ಕಾಗದವೇ 2012ರಲ್ಲಿ 1 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು. ಅದರ ಬಗ್ಗೆ ಬರೆಯಲು ಹೋದರೆ ಬಿಪಿ ಮಾತ್ರೆ ಬೇಕಾಗುತ್ತದೆ, ಇನ್ನೊಂದು ದಿನ.)

ಎಲ್ಲರೂ ಜೋಪಾನ ಮಾಡಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಸಾಕ್ಷಿಯೂ ಇದೆ. 1992ರಲ್ಲಿ ಸೂಪರ್‌ಮ್ಯಾನ್ ಸತ್ತ ಸಂಚಿಕೆ ಬಂತು. ಕರೀ ಪ್ಲಾಸ್ಟಿಕ್ ಚೀಲ, ಒಳಗೆ ತೋಳಿಗೆ ಕಟ್ಟಿಕೊಳ್ಳಲು ಸೂತಕದ ಕಪ್ಪು ಪಟ್ಟಿ ಬೇರೆ. ಜನ ಅಂಗಡಿ ಮುಂದೆ ಕ್ಯೂ ನಿಂತರು. ಓದಲು ಒಂದು, ಮಗಳ ಮದುವೆಗೆ ಅಂತ ನಾಲ್ಕು. ಲಕ್ಷಾಂತರ ಮಂದಿ ಚೀಲ ಬಿಚ್ಚಲೇ ಇಲ್ಲ. ಶನಿವಾರದ ಅದೇ ಹಾಲ್‌ನಲ್ಲಿ ಅವು ಡಬ್ಬಗಟ್ಟಲೆ ಬಿದ್ದಿದ್ದವು, ಇವತ್ತು ಒಂದು ಊಟದ ದುಡ್ಡಿಗೆ ಸಿಗುತ್ತವೆ. ಆ ಹುಚ್ಚು ಇಳಿದ ಮೇಲೆ ಅಂಗಡಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. 1996ರಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ಅಂದರೆ ಕತ್ತರಿ ಹಾಕಿದ ಹುಡುಗನೇ ಈ ವ್ಯಾಪಾರದ ಅನ್ನದಾತ. ಅವನಿಗೇ ‘ಪೋರ’ ಅನ್ನುತ್ತಾರೆ.

ಈಗ ನನ್ನ ಗೆಳೆಯನೊಬ್ಬ ಕಾಮೆಂಟಿಗೆ ಬಂದೇ ಬರುತ್ತಾನೆ. ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಕಾಪಾಡುವವರು ಬೇಡ್ವಾ, ಅಗ್ಗದ ಕಾಗದ, ಬಿಟ್ಟರೆ ಪುಡಿಯಾಗಿ ಹೋಗುತ್ತದೆ ಅನ್ನುತ್ತಾನೆ. ನಿಜ. ಕ್ಯಾಲಿಫೋರ್ನಿಯಾದಲ್ಲಿ ಮೂವರು ಅಣ್ಣತಮ್ಮಂದಿರಿಗೆ ತೀರಿಹೋದ ತಾಯಿಯ ಮನೆಯ ಅಟ್ಟದಲ್ಲಿ, ಹಳೇ ಪೇಪರ್ ರಾಶಿಯ ಕೆಳಗೆ, 1939ರ ‘ಸೂಪರ್‌ಮ್ಯಾನ್’ 1ನೇ ಸಂಚಿಕೆ ಸಿಕ್ಕಿತು. 2025ರ ನವೆಂಬರ್‌ನಲ್ಲಿ 91 ಲಕ್ಷ 20 ಸಾವಿರ ಡಾಲರಿಗೆ ಹೋಯಿತು. ಸುಮಾರು 80 ಕೋಟಿ ರೂಪಾಯಿ. ಆ ತಾಯಿಗೆ ದೊಡ್ಡ ನಮಸ್ಕಾರ. ಆದರೆ ಆಕೆ ಅದನ್ನು ರಟ್ಟಿನ ಡಬ್ಬದಲ್ಲಿ ಇಟ್ಟಿದ್ದರು, ತೆಗೆದು ನೋಡಬಹುದಿತ್ತು. ನಮ್ಮ ಗೆಳೆಯ ಗೋಡೆಗೆ ನೇತು ಹಾಕಿರುವುದು ಏನು? ಸಿಜಿಸಿ ಅಂತ ಒಂದು ಸಂಸ್ಥೆ 2000ದಿಂದ ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಹಾಕಿ, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಸೀಲ್ ಮಾಡಿ ಕೊಡುತ್ತದೆ. ಬಿಚ್ಚಿದರೆ ಮಾರ್ಕ್ಸ್ ರದ್ದು. ಕಾಣುವುದು ಮುಖಪುಟ, ಹಿಂಬದಿ, ಮುಗೀತು. ಒಳಗೆ ಏನಿದೆ ಅಂತ ಕೇಳಿದೆ. ‘9.2’ ಅಂದ. ಕಥೆ ಕೇಳಿದ್ದು ಕಣೋ ನಾನು.

ಇಷ್ಟು ಜೋರಾಗಿ ಮಾತಾಡುವ ನಾನು ಸಾಚಾನಾ? ಅದನ್ನೂ ಹೇಳಿಬಿಡುತ್ತೇನೆ.

ಶಿವಮೊಗ್ಗದಲ್ಲಿ ನಾವು ಇಂದ್ರಜಾಲ ಕಾಮಿಕ್ಸ್ ಬಾಡಿಗೆಗೆ ತಂದು ಓದಿದವರು. ಒಂದು ಪುಸ್ತಕಕ್ಕೆ ನಮ್ಮ ಬೀದಿಯ ಮಕ್ಕಳೆಲ್ಲ ಗಿರಾಕಿ. ಸ್ವಂತಕ್ಕಿದ್ದ ಹತ್ತಿಪ್ಪತ್ತನ್ನು ಅಮ್ಮ ತೂಕಕ್ಕೆ ಹಾಕಿ ಸ್ಟೀಲ್ ಡಬ್ಬಿ ತಂದಳು. ನಾಲ್ಕು ವರ್ಷದ ಹಿಂದೆ ಒಂದು ಕನ್ನಡ ಫ್ಯಾಂಟಮ್ ಸಂಚಿಕೆ ಸಿಕ್ಕಿತು. ಎಷ್ಟು ಕೊಟ್ಟೆ ಅಂತ ಇಲ್ಲಿ ಬರೆಯಲ್ಲ, ಹೆಂಡತಿ ಫೇಸ್‌ಬುಕ್ ನೋಡುತ್ತಾಳೆ. ಮೊದಲ ಪುಟದಲ್ಲಿ ಯಾರೋ ನೀಲಿ ಇಂಕಿನಲ್ಲಿ ‘5ನೇ ತರಗತಿ, ಬಿ ವಿಭಾಗ’ ಅಂತ ಬರೆದಿದ್ದಾರೆ. ಮೇಲಿದ್ದ ಹೆಸರು ಅಳಿಸಿಹೋಗಿದೆ. ಅದನ್ನು ಕವರ್ ಹಾಕಿ ಬೀರುವಿನಲ್ಲಿ ಇಟ್ಟಿದ್ದೆ. ಹೋದ ವರ್ಷ ಮಗಳು ಚಿಪ್ಸ್ ತಿಂದ ಕೈಯಲ್ಲಿ ಅದನ್ನು ಮುಟ್ಟಲು ಹೋದಾಗ ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಏನಾಯ್ತು ಅಂತ ಕೇಳಿದರು. ಆ ಟಾರ್ಚ್ ಮನುಷ್ಯನಿಗೂ ನನಗೂ ಏನು ವ್ಯತ್ಯಾಸ, ಅವರ ಪುಸ್ತಕ ದುಬಾರಿ, ಅಷ್ಟೇ.

ನಿನ್ನೆ ರಾತ್ರಿ ಕವರಿನಿಂದ ತೆಗೆದು ಅವಳ ಕೈಗೆ ಕೊಟ್ಟೆ. ಕನ್ನಡ ಓದಲು ಬರುವುದಿಲ್ಲ ಅವಳಿಗೆ, ಓದಿ ಹೇಳಪ್ಪಾ ಅಂದಳು. ಪುಟ ಅವಳೇ ತಿರುವುತ್ತಾಳಂತೆ. ಮೂರನೇ ಹಾಳೆಯ ಮೂಲೆ ಹಪ್ಪಳದ ಹಾಗೆ ಅವಳ ಬೆರಳಲ್ಲೇ ಉಳಿಯಿತು. ಎದೆ ಧಸಕ್ ಅಂತು, ಸುಳ್ಳು ಯಾಕೆ ಹೇಳಲಿ. ಅವಳು ನನ್ನ ಮುಖ ನೋಡಿದಳು, ನಾನು ಮುಂದಿನ ಪುಟ ಓದಿದೆ.