ಕೊನೆಯ ಹೆಸರು ಹೋಗುವವರೆಗೂ

ನಮ್ಮ ಸಾಗರದ ಕಡೆ ಥಿಯೇಟರಿನಲ್ಲಿ ‘ಶುಭಂ’ ಬೀಳುವ ಮೊದಲೇ ಅರ್ಧ ಜನ ಎದ್ದು ಬಾಗಿಲಿನ ಹತ್ತಿರ ಇರುತ್ತಿದ್ದರು. ಸೈಕಲ್ ಸ್ಟ್ಯಾಂಡಿನ ನೂಕುನುಗ್ಗಲು ತಪ್ಪಿಸಬೇಕು, ಕೊನೆಯ ಬಸ್ಸು ಹಿಡಿಯಬೇಕು. ಸಿನಿಮಾ ಮುಗಿದ ಮೇಲೆ ಹೆಸರುಗಳು ಓಡುವುದನ್ನು ಕೂತು ನೋಡಬಹುದು ಎಂಬ ಯೋಚನೆಯೇ ಯಾರಿಗೂ ಇರಲಿಲ್ಲ. ಆ ರೂಢಿ ಹಿಡಿಸಿದ್ದು ಸೂಪರ್‌ಹೀರೋ ಚಿತ್ರಗಳನ್ನು ಮಾಡುವ ಅಮೆರಿಕದ ಮಾರ್ವೆಲ್ ಸ್ಟುಡಿಯೋಸ್. 2008ರಲ್ಲಿ ‘ಐರನ್ ಮ್ಯಾನ್’ನ ಕೊನೆಯ ಹೆಸರೂ ಮೇಲೆ ಹೋದ ನಂತರ, ಒಂದು ಕಣ್ಣಿಗೆ ಪಟ್ಟಿ ಕಟ್ಟಿದ ನಿಕ್ ಫ್ಯೂರಿ ಕತ್ತಲಿನಿಂದ ಎದ್ದು ಬಂದು ಅವೆಂಜರ್ಸ್ ಎಂಬ ವೀರರ ತಂಡದ ಮಾತು ತೆಗೆದ. ಈಗ ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನ್ ಡಬ್ಬ ಖಾಲಿಯಾಗಿ ಹೊತ್ತಾದರೂ ಜನ ಅಲ್ಲಾಡುವುದಿಲ್ಲ.

ನಾನು ಕೂರುವುದು ಆ ದೃಶ್ಯಕ್ಕಲ್ಲ. ಹೆಸರು ಓದಲಿಕ್ಕೆ.

“ಯಾರನ್ನ ಹುಡುಕ್ತೀಯಪ್ಪ ಪ್ರತಿ ಸಲ?” ಅಂತ ಮಗಳು ಕೇಳುತ್ತಾಳೆ. ಆರು ವರ್ಷ ಬೆಂಗಳೂರಿನ ಒಂದು ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ಸಿನಿಮಾ ದೃಶ್ಯ ಕಟ್ಟುವ) ಕಂಪನಿಯಲ್ಲಿ ರೋಟೊ ಮಾಡಿದವನು ನಾನು. ನಟರ ಸುತ್ತ ಫ್ರೇಮ್ ಫ್ರೇಮಿಗೂ ಗೆರೆ ಎಳೆದು, ಹಿನ್ನೆಲೆಯಿಂದ ಬಿಡಿಸಿ ತೆಗೆಯುವ ಕೆಲಸ ಅದು. ಸೆಕೆಂಡಿಗೆ 24 ಫ್ರೇಮ್. ಗಾಳಿಗೆ ಕೂದಲು ಹಾರುವ ಶಾಟ್ ಪಾಲಿಗೆ ಬಂದರೆ ವಾರವೇ ಹೋಯಿತು. ಒಂದು ದೊಡ್ಡ ಚಿತ್ರಕ್ಕೆ (ಅದು ಮಾರ್ವೆಲ್‌ದಲ್ಲ) ನಾಲ್ಕು ತಿಂಗಳು ರಾತ್ರಿ ಪಾಳಿ ಮಾಡಿ, ಬಿಡುಗಡೆಯ ದಿನ ಹೆಂಡತಿಯನ್ನೂ ನಾದಿನಿಯನ್ನೂ ಕರೆದುಕೊಂಡು ಹೋಗಿ ಕೂತೆ. ಹೆಸರುಗಳು ಬಂದವು, ಹೋದವು. ನನ್ನದು ಬರಲಿಲ್ಲ. ನಮ್ಮ ಪಾಳಿಯ ಒಬ್ಬರದ್ದೂ ಬರಲಿಲ್ಲ. ಅವತ್ತಿನಿಂದ ಹೆಸರು ಓದುವುದು ನನಗೆ ಹರಕೆಯ ಹಾಗೆ ಆಗಿದೆ.

ಅದಕ್ಕೇ, ಮಾರ್ವೆಲ್ ಸ್ಟುಡಿಯೋಸ್‌ನ ಚರಿತ್ರೆಯನ್ನು ಅದರ ನಿರ್ಮಾಪಕ ಕೆವಿನ್ ಫೈಗಿ ಒಬ್ಬರೇ ಕಟ್ಟಿದ ಸಾಮ್ರಾಜ್ಯದ ಕಥೆಯಾಗಿ ಹೇಳುವುದನ್ನು ಕೇಳಿದಾಗ ಸುಮ್ಮನಿರಲು ಆಗುವುದಿಲ್ಲ. ಫೈಗಿ ಬಗ್ಗೆ ನನಗೆ ಗೌರವ ಇದೆ, ಮುಂದೆ ಹೇಳುತ್ತೇನೆ. ಆದರೆ ಈ ಕಥೆ ಹಿಡಿಯಬೇಕಾದದ್ದು ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿಯ ಚಿತ್ರ ಬರೆಯುವ ಮೇಜಿನಿಂದ.

1917ರ ಆಗಸ್ಟ್ 28ರಂದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್‌ನ ಬಡ ಯಹೂದಿ ಮನೆಯಲ್ಲಿ ಹುಟ್ಟಿದವರು ಕರ್ಬಿ. ಜೋ ಸೈಮನ್ ಜೊತೆ ಸೇರಿ ಕ್ಯಾಪ್ಟನ್ ಅಮೆರಿಕವನ್ನು ಹುಟ್ಟಿಸಿದರು. ಮೊದಲ ಸಂಚಿಕೆಯ ಮುಖಪುಟದಲ್ಲೇ ಆ ವೀರ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಅದು ಅಂಗಡಿಗೆ ಬಂದದ್ದು 1940ರ ಕೊನೆಯಲ್ಲಿ, ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷ ಇತ್ತು. ಆಮೇಲೆ ಕಡ್ಡಾಯ ಸೇವೆಯ ಕರೆ ಬಂದು ಕರ್ಬಿಯೂ ಸೈನ್ಯಕ್ಕೆ ಸೇರಿ ಯೂರೋಪಿನಲ್ಲಿ ಕಾದಾಡಿ ಬಂದರು. 1961ರಿಂದ ಮಾರ್ವೆಲ್ ಕಾಮಿಕ್ಸ್‌ನ ಬರಹಗಾರ, ಸಂಪಾದಕ ಸ್ಟ್ಯಾನ್ ಲೀ ಜೊತೆ ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್-ಮೆನ್, ಅವೆಂಜರ್ಸ್, ಬ್ಲ್ಯಾಕ್ ಪ್ಯಾಂಥರ್. ಇವತ್ತು ನಾವು ಟಿಕೆಟ್ ಕೊಂಡು ನೋಡುವುದರಲ್ಲಿ ಎಷ್ಟೋ ಪಾಲು ಆ ಕೈಯಿಂದ ಬಂದದ್ದು. ಕೂಲಿ ಪುಟಕ್ಕಿಷ್ಟು. ಪಾತ್ರ ಮಾತ್ರ ಕಂಪನಿಯ ಸೊತ್ತು. ತಾವೇ ಬರೆದ ಮೂಲ ಹಾಳೆಗಳನ್ನು ವಾಪಸ್ ಕೊಡಿ ಎಂದು ಕರ್ಬಿ ವರ್ಷಗಟ್ಟಲೆ ಕೇಳಿ, 1987ರಲ್ಲಿ ಸಿಕ್ಕಿದ್ದು ಅದರ ಒಂದು ಭಾಗ ಅಷ್ಟೇ. 1994ರಲ್ಲಿ ತೀರಿಕೊಂಡರು. ಸ್ಟ್ಯಾನ್ ಲೀ ಮುಖವನ್ನು ಮಕ್ಕಳೂ ಗುರುತಿಸುತ್ತಾರೆ, ಪ್ರತಿ ಚಿತ್ರದಲ್ಲೂ ಒಂದು ಕ್ಷಣ ಬಂದು ಹೋಗುತ್ತಿದ್ದರಲ್ಲ. ಕರ್ಬಿ ಮುಖ ಯಾರಿಗೆ ಗೊತ್ತು?

ಇನ್ನು ಕಂಪನಿಯ ಕಡೆ ನೋಡಿ. 1989ರಲ್ಲಿ ರಾನ್ ಪೆರೆಲ್ಮನ್ ಎಂಬ ಶ್ರೀಮಂತ ಮಾರ್ವೆಲ್ಲನ್ನು 8.25 ಕೋಟಿ ಡಾಲರ್‌ಗೆ ಕೊಂಡ. ಕಾಮಿಕ್ಸ್ ಪುಸ್ತಕವನ್ನು ಓದದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಮುಂದೆ ಬೆಲೆ ಬರುತ್ತದೆ ಎಂದು ಜನ ಕೂಡಿಡುತ್ತಿದ್ದ ಕಾಲ ಅದು. ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡಿನ ಕಂಪನಿಗಳನ್ನೂ ಸಾಲ ಮಾಡಿ ಕೊಂಡಿದ್ದಾಯಿತು. ಆ ಹುಚ್ಚು ಇಳಿಯಿತು, 1994ರಲ್ಲಿ ಬೇಸ್‌ಬಾಲ್ ಆಟಗಾರರ ಮುಷ್ಕರವೂ ಬಂತು, ಕಾರ್ಡು ಕೇಳುವವರಿಲ್ಲ. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಮಾರ್ವೆಲ್ ಸ್ಟುಡಿಯೋಸ್ ಎಂಬ ಹೆಸರು ಹುಟ್ಟಿದ್ದೂ ಅದೇ ವರ್ಷ. ಹೆಸರಿಗೆ ಸ್ಟುಡಿಯೋ, ಸಿನಿಮಾ ಮಾಡಲು ಕೈಯಲ್ಲಿ ಕಾಸಿಲ್ಲ. ಪಾತ್ರಗಳನ್ನು ಬೇರೆಯವರಿಗೆ ಗೇಣಿಗೆ ಕೊಡುವುದೇ ಅದರ ಕೆಲಸವಾಗಿತ್ತು.

ದಿವಾಳಿಯ ಜಗಳದಲ್ಲಿ ಕೊನೆಗೆ ಗೆದ್ದವರು ಆಟಿಕೆ ಮಾರುವವರು. ಟಾಯ್ ಬಿಝ್ ಎಂಬ ಕಂಪನಿಯ ಐಕ್ ಪರ್ಲ್‌ಮಟರ್ ಮತ್ತು ಅವಿ ಅರಾದ್. 1998ರಲ್ಲಿ ಎರಡೂ ಕಂಪನಿ ಒಂದಾದವು. ಸಾಲ ಕೊಟ್ಟವರ ಮುಂದೆ ಅರಾದ್ ನಿಂತು, ಸ್ಪೈಡರ್-ಮ್ಯಾನ್ ಒಬ್ಬನೇ ನೂರು ಕೋಟಿ ಡಾಲರ್ ಬಾಳುತ್ತಾನೆ ಎಂದು ವಾದಿಸಿದ್ದರು. ಆ ಮಾತು ಸುಳ್ಳಾಗಲಿಲ್ಲ, ಫಲ ಮಾತ್ರ ಗೇಣಿಗೆ ಹಿಡಿದವರ ಮನೆ ಸೇರಿತು. ಎಕ್ಸ್-ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ ಫಾಕ್ಸ್‌ಗೆ, ಸ್ಪೈಡರ್-ಮ್ಯಾನ್ ಸೋನಿಗೆ, ಹಲ್ಕ್ ಯೂನಿವರ್ಸಲ್‌ಗೆ ಹೋಗಿದ್ದವು. 1998ರ ‘ಬ್ಲೇಡ್’ ಗೆದ್ದರೂ ಮಾರ್ವೆಲ್‌ಗೆ ಬಂದದ್ದು 25,000 ಡಾಲರ್ ಎಂದು ವರದಿಯಾಗಿದೆ. 2002ರಲ್ಲಿ ‘ಸ್ಪೈಡರ್-ಮ್ಯಾನ್’ ಅಮೆರಿಕದಲ್ಲಿ ಮೊದಲ ಮೂರೇ ದಿನಕ್ಕೆ 10 ಕೋಟಿ ಡಾಲರ್ ದಾಟಿತು. ಅಲ್ಲಿಯವರೆಗೆ ಯಾವ ಚಿತ್ರವೂ ಅದನ್ನು ಮಾಡಿರಲಿಲ್ಲ. ಮಾರ್ವೆಲ್ ಬದುವಿನ ಮೇಲೆ ನಿಂತು ಬೇರೆಯವರ ಒಕ್ಕಲಾಟ ನೋಡಿತು.

ಇಲ್ಲಿ ಬರುವವರು ಡೇವಿಡ್ ಮೈಸೆಲ್. ಈ ಹೆಸರು ಅಭಿಮಾನಿಗಳಿಗೂ ಗೊತ್ತಿರುವುದಿಲ್ಲ. ನಮ್ಮ ಸಿನಿಮಾ ನಾವೇ ಮಾಡೋಣ, ನಷ್ಟವೂ ನಮ್ಮದು ಲಾಭವೂ ನಮ್ಮದು, ಎಂದವರು ಇವರು. 2005ರಲ್ಲಿ ಮೆರಿಲ್ ಲಿಂಚ್‌ನಿಂದ 52.5 ಕೋಟಿ ಡಾಲರ್ ಸಾಲದ ಏರ್ಪಾಡಾಯಿತು. ಅಡ ಇಟ್ಟದ್ದು ಹತ್ತು ಪಾತ್ರಗಳ ಸಿನಿಮಾ ಹಕ್ಕು: ಕ್ಯಾಪ್ಟನ್ ಅಮೆರಿಕ, ಅವೆಂಜರ್ಸ್, ಬ್ಲ್ಯಾಕ್ ಪ್ಯಾಂಥರ್, ಡಾಕ್ಟರ್ ಸ್ಟ್ರೇಂಜ್, ಆ್ಯಂಟ್-ಮ್ಯಾನ್, ಶಾಂಗ್-ಚಿ, ಹೀಗೆ. ಚಿತ್ರಗಳು ಸೋತರೆ ಬ್ಯಾಂಕು ಪಾತ್ರಗಳನ್ನು ಎತ್ತಿಕೊಂಡು ಹೋಗುತ್ತದೆ, ಕಂಪನಿ ಉಳಿಯುತ್ತದೆ. ಗಾಂಧಿನಗರದಲ್ಲಿ ಮನೆ ಅಡ ಇಟ್ಟು ಸಿನಿಮಾ ಮಾಡಿ ಬೀದಿಗೆ ಬಂದವರ ಕಥೆ ನಾವೆಲ್ಲ ಕೇಳಿದ್ದೇವೆ. ಇಲ್ಲಿ ಮನೆಯನ್ನು ಹಾಗೇ ಉಳಿಸಿಕೊಂಡು, ಅಟ್ಟದ ಮೇಲೆ ಬಿದ್ದಿದ್ದ, ಯಾರೂ ಕೇಳದ ಪಾತ್ರೆಗಳನ್ನು ಅಡ ಇಟ್ಟರು. ಈ ಸ್ಟುಡಿಯೋದ ಚರಿತ್ರೆಯಲ್ಲಿ ಇದಕ್ಕಿಂತ ಜಾಣ ಹೆಜ್ಜೆ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಅದೇ ವರ್ಷದ ಕೊನೆಗೆ ನ್ಯೂ ಲೈನ್ ಸಂಸ್ಥೆಯಿಂದ ಐರನ್ ಮ್ಯಾನ್ ಹಕ್ಕು ಮನೆಗೆ ಬಂತು. ಮಾದಕ ವ್ಯಸನ, ಜೈಲು ಎಲ್ಲ ಕಂಡು ಎದ್ದಿದ್ದ ರಾಬರ್ಟ್ ಡೌನಿ ಜೂನಿಯರ್‌ನನ್ನು ನಾಯಕನನ್ನಾಗಿ ಹಾಕಲು ಕಂಪನಿಯ ದೊಡ್ಡವರು ಒಪ್ಪಲಿಲ್ಲ. ನಿರ್ದೇಶಕ ಜಾನ್ ಫಾವ್ರೋ ಹಟ ಬಿಡಲಿಲ್ಲ, ಸ್ಕ್ರೀನ್ ಟೆಸ್ಟ್ ಮಾಡಿ ತೋರಿಸಿ ಒಪ್ಪಿಸಿದರು. ಶೂಟಿಂಗ್ ಶುರುವಾದಾಗ ಚಿತ್ರಕಥೆಯೇ ಪೂರ್ತಿಯಾಗಿರಲಿಲ್ಲ. ಸಹನಟ ಜೆಫ್ ಬ್ರಿಜಸ್ ಅವರ ವಿಶ್ರಾಂತಿ ವ್ಯಾನಿನಲ್ಲಿ ಎಲ್ಲ ಕೂತು ಆವತ್ತಿನ ಮಾತುಗಳನ್ನು ಆವತ್ತೇ ಹೊಸೆಯುತ್ತಿದ್ದರು. ಆ ಮಾತುಗಳಲ್ಲಿ ಇವತ್ತಿಗೂ ಇರುವ ಬಿಸಿಗೆ ಅದೇ ಕಾರಣ. 14 ಕೋಟಿ ಹಾಕಿದ್ದಕ್ಕೆ 58 ಕೋಟಿ ಡಾಲರ್ ಮೀರಿ ಬಂತು.

ಫೈಗಿ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಫಿಲಂ ಶಾಲೆಗೆ ಐದು ಸಲ ಅರ್ಜಿ ತಿರಸ್ಕಾರವಾದರೂ ಬಿಡದೆ ಸೇರಿದವರು ಅವರು. 2000ದ ‘ಎಕ್ಸ್-ಮೆನ್’ ಹೊತ್ತಿಗೆ ನಿರ್ಮಾಪಕಿ ಲಾರೆನ್ ಶೂಲರ್ ಡಾನರ್ ಕೈಕೆಳಗೆ ಕೆಲಸ ಮಾಡುತ್ತಿದ್ದ ಹುಡುಗ. ವುಲ್ವರೀನ್‌ನ ಕೂದಲು ಕಾಮಿಕ್ಸಿನಲ್ಲಿ ಇದ್ದ ಹಾಗೇ ಇರಬೇಕು, ಇನ್ನೂ ಎತ್ತರಿಸಿ ಎಂದು ಮೇಕಪ್‌ನವರ ಬೆನ್ನು ಬಿದ್ದಿದ್ದರಂತೆ. ಕೂದಲಿಗೆ ವಾರಗಟ್ಟಲೆ ಗೆರೆ ಎಳೆದ ನನಗೆ ಈ ಸಂಗತಿ ತುಂಬಾ ಹತ್ತಿರದ್ದು. ಮೂಲದ ಮೇಲೆ ಅಷ್ಟು ಪ್ರೀತಿ ಇದ್ದವರ ಕೈಗೆ 2007ರಲ್ಲಿ ನಿರ್ಮಾಣದ ಚುಕ್ಕಾಣಿ ಬಂದದ್ದು ನಮ್ಮೆಲ್ಲರ ಪುಣ್ಯ.

2009ರ ಆಗಸ್ಟ್ 31ರಂದು ಡಿಸ್ನಿ ಮಾರ್ವೆಲ್ಲನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಮುಂದಿನ ತಿಂಗಳೇ ಕರ್ಬಿ ಮಕ್ಕಳು ಪಾತ್ರಗಳ ಹಕ್ಕು ನಮಗೆ ಮರಳಬೇಕೆಂದು ನೋಟಿಸ್ ಕೊಟ್ಟರು. ನ್ಯಾಯಾಲಯ 2011ರಲ್ಲೂ 2013ರಲ್ಲೂ ಕಂಪನಿಯ ಪರ ನಿಂತಿತು. ಕರ್ಬಿ ಮಾಡಿದ್ದು ‘ವರ್ಕ್ ಫಾರ್ ಹೈರ್’, ಕೂಲಿಗೆ ಮಾಡಿದ ಕೆಲಸ, ಹಕ್ಕು ಕೂಲಿ ಕೊಟ್ಟವರದ್ದು ಎಂಬ ತೀರ್ಮಾನ.

ಇದನ್ನು ಓದಿದ ರಾತ್ರಿ ನನಗೆ ಅಜ್ಜನ ನೆನಪಾಗಿತ್ತು. ಅಜ್ಜ ಗೇಣಿದಾರರು. 1974ರ ಕಾನೂನು ಬಂದಾಗ ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಮೂವತ್ತು ವರ್ಷ ಉತ್ತ ಎರಡು ಎಕರೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ‘ಉಳುವವನೇ ಹೊಲದೊಡೆಯ’ ಎಂಬುದು ನಮ್ಮ ಮನೆಯಲ್ಲಿ ಘೋಷಣೆ ಆಗಿರಲಿಲ್ಲ, ಪಹಣಿಯಲ್ಲಿ ಬರೆದ ಹೆಸರಾಗಿತ್ತು. ಚಿತ್ರ ಬರೆಯುವವರಿಗೆ ಅಂಥ ಏಳನೇ ನಮೂನೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ. 2014ರ ಸೆಪ್ಟೆಂಬರಿನಲ್ಲಿ, ಪ್ರಕರಣವನ್ನು ಕೈಗೆತ್ತಿಕೊಳ್ಳಬೇಕೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಮಾನಿಸಲು ಕೆಲವೇ ದಿನ ಇರುವಾಗ, ಎರಡೂ ಕಡೆಯವರು ರಾಜಿಯಾದರು. ಆಮೇಲೆ ಕರ್ಬಿ ಹೆಸರು ಪರದೆಯ ಮೇಲೆ ಸರಿಯಾದ ಜಾಗದಲ್ಲಿ ಕಾಣತೊಡಗಿತು.

ಕರ್ಬಿ ಒಬ್ಬರೇ ಅಲ್ಲ. ಥಾನೋಸ್, ಗಮೋರಾ, ಡ್ರ್ಯಾಕ್ಸ್ ಇವರನ್ನೆಲ್ಲ ಸೃಷ್ಟಿಸಿದ ಜಿಮ್ ಸ್ಟಾರ್ಲಿನ್ 2017ರಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು: ಈ ಮೂವರಿಗೂ ಸೇರಿ ಮಾರ್ವೆಲ್‌ನಿಂದ ಬಂದದ್ದಕ್ಕಿಂತ, ಎದುರಾಳಿ ಕಂಪನಿ ಡಿಸಿಯವರ ಚಿತ್ರದಲ್ಲಿ ಬಂದ, ತಾವು ಸೃಷ್ಟಿಸಿದ ಒಂದು ಚಿಕ್ಕ ಪಾತ್ರಕ್ಕೆ ದೊಡ್ಡ ಚೆಕ್ ಬಂತು ಎಂದು. ವಿಂಟರ್ ಸೋಲ್ಜರ್ ಪಾತ್ರವನ್ನು ಕೊಟ್ಟ ಎಡ್ ಬ್ರೂಬೇಕರ್, ಆ ಚಿತ್ರದಲ್ಲಿ ಒಂದು ಕ್ಷಣ ಮುಖ ತೋರಿಸಿದ್ದಕ್ಕೆ ನಟರ ಸಂಘದ ಲೆಕ್ಕದಲ್ಲಿ ಬಂದ ಹಣವೇ ಹೆಚ್ಚು ಎಂದರು. 2019ರ ‘ಎಂಡ್‌ಗೇಮ್’ 279 ಕೋಟಿ ಡಾಲರ್ ಗಳಿಸಿತು. ಈ ಎರಡು ಸಂಗತಿಯನ್ನು ಪಕ್ಕಪಕ್ಕ ಇಟ್ಟಾಗ ನನಗೆ ಸಿಟ್ಟು ಬರುತ್ತದೆ, ಆ ಚಿತ್ರ ನೋಡಿ ಅತ್ತವನಾಗಿಯೂ.

(ಎಂಡ್‌ಗೇಮ್ ನಮ್ಮಲ್ಲಿ ಹಿಂದಿ, ತಮಿಳು, ತೆಲುಗಿಗೆ ಡಬ್ ಆಗಿ ಬಂತು, ಕನ್ನಡಕ್ಕೆ ಬರಲಿಲ್ಲ. 2022ರ ಥಾರ್ ಚಿತ್ರ ಕನ್ನಡದಲ್ಲೂ ಬಂತು. ಸಿಡಿಲಿನ ದೇವರು ಕನ್ನಡ ಮಾತಾಡಿದ್ದನ್ನು ಕೇಳಿ ಅಮ್ಮನಿಗೆ ಖುಷಿಯೋ ಖುಷಿ.)

ಟೀವಿಯ ಕಥೆ ಬೇರೆ ದಾರಿ ಹಿಡಿದಿತ್ತು. 2010ರಲ್ಲಿ ಶುರುವಾದ ಮಾರ್ವೆಲ್ ಟೆಲಿವಿಷನ್ ಬೇರೆಯವರ ಕೈಯಲ್ಲಿತ್ತು. ‘ಏಜೆಂಟ್ಸ್ ಆಫ್ ಶೀಲ್ಡ್’, ‘ಡೇರ್‌ಡೆವಿಲ್’ ಚೆನ್ನಾಗಿಯೇ ಬಂದವು, ಆದರೆ ಸಿನಿಮಾದವರು ಅವುಗಳ ಕಡೆ ತಿರುಗಿ ನೋಡಲಿಲ್ಲ. 2019ರಲ್ಲಿ ಅದನ್ನು ಮುಚ್ಚಿ ಎಲ್ಲವನ್ನೂ ಫೈಗಿ ಕೈಗೆ ಕೊಟ್ಟರು. ಅದೇ ಹೊತ್ತಿಗೆ ಡಿಸ್ನಿ ಪ್ಲಸ್ ಎಂಬ ಆನ್‌ಲೈನ್ ವೇದಿಕೆ ಬಂತು, ಅದಕ್ಕೆ ಪ್ರತಿ ತಿಂಗಳೂ ಹೊಸದು ಬೇಕು. 2021 ಒಂದೇ ವರ್ಷದಲ್ಲಿ ನಾಲ್ಕು ಸಿನಿಮಾ, ಐದು ಸರಣಿ. ‘ವಾಂಡಾವಿಷನ್’ನ ಮೊದಲ ಕಂತುಗಳನ್ನು ನೋಡಿದಾಗ ಎಷ್ಟು ಹೊಸದಾಗಿದೆ ಎಂದು ಹಿಗ್ಗಿದ್ದೆ. ವರ್ಷ ಮುಗಿಯುವ ಹೊತ್ತಿಗೆ ಸುಸ್ತಾಗಿದ್ದೆ.

ನೋಡುವವರಿಗೇ ಸುಸ್ತಾದರೆ ಮಾಡುವವರ ಪಾಡೇನು? 2022ರಲ್ಲಿ ವಿಎಫ್‌ಎಕ್ಸ್ ಕಲಾವಿದರು ಬಹಿರಂಗವಾಗಿಯೇ ಹೇಳತೊಡಗಿದರು: ಗಡುವು ಹತ್ತಿರ ಬಂದ ಮೇಲೂ ಇಡೀ ದೃಶ್ಯವನ್ನೇ ಬದಲಿಸುತ್ತಾರೆ, ನಿದ್ದೆ ಇಲ್ಲ, ಕೊಡುವ ಹಣಕ್ಕೂ ಕೇಳುವ ಕೆಲಸಕ್ಕೂ ತಾಳೆ ಇಲ್ಲ. ‘ಪಿಕ್ಸೆಲ್ ಫಕ್ಕಿಂಗ್’ ಎಂಬ ಒರಟು ಮಾತು ಆ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಕಣ್ಣಿಗೆ ಕಾಣದ ಚುಕ್ಕೆಗೂ ಹತ್ತು ಸಲ ತಿದ್ದಿಸುವುದಕ್ಕೆ ಹಾಗೆನ್ನುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಮಾರ್ವೆಲ್ ನೇರವಾಗಿ ಸಂಬಳ ಕೊಡುವ ವಿಎಫ್‌ಎಕ್ಸ್ ನೌಕರರು ಒಬ್ಬರೂ ವಿರೋಧಿಸದೆ ಯೂನಿಯನ್ ಪರ ಮತ ಹಾಕಿದರು. ಸುದ್ದಿ ಓದಿದ ಕೂಡಲೇ ಹಳೆಯ ಗೆಳೆಯರಿಗೆಲ್ಲ ಫೋನ್ ಮಾಡಿದ್ದೆ. ಆದರೆ ಹೊರಗುತ್ತಿಗೆಯಲ್ಲಿ ಲಂಡನ್, ವ್ಯಾಂಕೂವರ್, ಮುಂಬೈ, ಬೆಂಗಳೂರಿನಲ್ಲಿ ಕೂತು ಹಾಲಿವುಡ್‌ನ ಶಾಟ್ ತಿದ್ದುವವರು ಆ ಯೂನಿಯನ್ನಿನ ಹೊರಗೇ ಇದ್ದಾರೆ. 2025ರ ಫೆಬ್ರುವರಿಯಲ್ಲಿ ವಿಎಫ್‌ಎಕ್ಸ್ ಕಂಪನಿಗಳ ಒಡೆಯರಾದ ಟೆಕ್ನಿಕಲರ್ ಗ್ರೂಪ್ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಜನರ ಕೆಲಸ ಹೋಯಿತು. ಮಾರ್ವೆಲ್ ಚಿತ್ರಗಳ ಗ್ರೂಟ್‌ನ ಮರದ ಮೈಗೆ ಜೀವ ತುಂಬಿದ ಎಂಪಿಸಿ ಎಂಬ ಕಂಪನಿ ಅದೇ ಗುಂಪಿಗೆ ಸೇರಿದ್ದು.

2023ರ ‘ದಿ ಮಾರ್ವೆಲ್ಸ್’ ಈ ಸ್ಟುಡಿಯೋದ ಸರಣಿಯಲ್ಲೇ ಅತಿ ಕಡಿಮೆ, ಸುಮಾರು 20 ಕೋಟಿ ಡಾಲರ್ ಗಳಿಸಿತು. ಆಮೇಲೆ ಆಗ ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ವಿಪರೀತ ಮಾಡಿದ್ದರಿಂದ ಗಮನ ಚದುರಿತು ಎಂದು ಒಪ್ಪಿಕೊಂಡರು. 2024ರಲ್ಲಿ ಬಂದದ್ದು ಒಂದೇ ಸಿನಿಮಾ. ಸಂಖ್ಯೆ ಇಳಿಸಿದ್ದು ಒಳ್ಳೆಯದಾಯಿತು.

2025ರ ಜುಲೈನಲ್ಲಿ ‘ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್’ ಬಂತು. ಗೇಣಿಗೆ ಹೋಗಿದ್ದ ಹೊಲ. 2019ರಲ್ಲಿ ಡಿಸ್ನಿ ಫಾಕ್ಸನ್ನೇ ಕೊಂಡಾಗ ಮನೆಗೆ ಮರಳಿತ್ತು. ಮಗಳ ಜೊತೆ ಹೋಗಿದ್ದೆ. ಆ ಚಿತ್ರದ ಲೋಕಕ್ಕೆ ‘ಅರ್ತ್ 828’ ಎಂದು ಹೆಸರು. ಕಥೆ ಮುಗಿದ ಮೇಲೆ ಪರದೆಯ ಮೇಲೆ ಕರ್ಬಿಯ ಒಂದು ಮಾತು, ಅವರ ಹೆಸರು.

“828 ಅಂದ್ರೆ ಏನಪ್ಪ?” ಅಂದಳು.

“ಅಮೆರಿಕದವರು ತಿಂಗಳು ಮೊದಲು ಬರೀತಾರೆ ಪುಟ್ಟಿ. ಎಂಟನೇ ತಿಂಗಳು, ಇಪ್ಪತ್ತೆಂಟನೇ ತಾರೀಕು. ಅವರು ಹುಟ್ಟಿದ ದಿನ.”

ಅವಳು ನನ್ನ ಫೋನ್ ತೆಗೆದುಕೊಂಡು ಹುಡುಕಿದಳು. ಬಾಯಲ್ಲಿ ಸಿಗಾರ್ ಕಚ್ಚಿಕೊಂಡು, ಮೇಜಿನ ಮೇಲೆ ಬಾಗಿ ಪೆನ್ಸಿಲ್ ಹಿಡಿದ ಒಬ್ಬ ವಯಸ್ಸಾದ ಮನುಷ್ಯ. ದೀಪ ಹತ್ತಿತು, ಕಸ ಗುಡಿಸುವ ಹುಡುಗರು ಬಾಗಿಲಲ್ಲಿ ಕಾಯುತ್ತಾ ನಿಂತಿದ್ದರು. “ಒಂದ್ ನಿಮಿಷ ಅಣ್ಣ, ಹೆಸರು ಇನ್ನೂ ಬರ್ತಾ ಇದೆ,” ಅಂತ ಅವರಿಗೆ ಹೇಳಿದವಳು ಅವಳೇ.