ಐಸ್ ಕರಗ್ತದೆ ತಮ್ಮಾ

ಮೊನ್ನೆ ಅಂಕೋಲೆಯ ಮೀನು ಪೇಟೆಯಲ್ಲಿ ಬಂಗಡೆಯ ಕಿವಿರು ಎತ್ತಿ ನೋಡುತ್ತಿದ್ದೆ. ಹೆಗಲಿಗೆ ಶಾಲು ಹಾಕಿಕೊಂಡ ಹುಡುಗನೊಬ್ಬ ಬಂದ. "ಅಕ್ಕಾ, ನಮ್ಮ ಧರ್ಮ ಅಪಾಯದಲ್ಲಿದೆ" ಎಂದ. ಮೀನು ಮಾರುವ ಅಕ್ಕ ತಲೆ ಎತ್ತಲಿಲ್ಲ. "ಐಸ್ ಕರಗ್ತದೆ ತಮ್ಮಾ. ಎಷ್ಟು ಬೇಕು, ಬೇಗ ಹೇಳು."

ಪೇಟೆಯ ಆಚೆ ತುದಿಯಲ್ಲಿ ಇನ್ನೊಬ್ಬ ಹುಡುಗ ಇನ್ನೊಂದು ಧರ್ಮದ ಅಪಾಯ ಹೇಳುತ್ತಿದ್ದ. ಬಟ್ಟೆ ಬೇರೆ, ಮಾತು ಒಂದೇ. ಇಬ್ಬರಿಗೂ ಒಬ್ಬನೇ ಬರೆದುಕೊಟ್ಟನೋ ಏನೋ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಎಷ್ಟೋ ವರ್ಷದಿಂದ ಒಂದು ದೊಡ್ಡ ಆಸ್ಪತ್ರೆ ಕೇಳುತ್ತಿದ್ದೇವೆ. ಎದೆ ಹಿಡಿದುಕೊಂಡರೆ ಇವತ್ತಿಗೂ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. ಇದನ್ನು ಸಭೆಯಲ್ಲಿ ಕೇಳಿ ನೋಡಿ, ಉತ್ತರ ಸೀದಾ ಧರ್ಮಕ್ಕೆ ಹೋಗುತ್ತದೆ. ತಪ್ಪೇನಿಲ್ಲ ಬಿಡಿ. ಆಸ್ಪತ್ರೆಗೆ ಜಾಗ ಬೇಕು, ದುಡ್ಡು ಬೇಕು, ಡಾಕ್ಟರು ಬೇಕು. ಧರ್ಮದ ಅಪಾಯಕ್ಕೆ ಒಂದು ಮೈಕು ಸಾಕು, ಟೆಂಡರೂ ಕರೆಯಬೇಕಿಲ್ಲ.

ಕಾನೂನು ಬೇರೆ ಇದೆ. 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಪ್ರಕಾರ ಧರ್ಮದ ಹೆಸರಲ್ಲಿ ವೋಟು ಕೇಳುವಂತಿಲ್ಲ. ಮತದಾರನ ಧರ್ಮದ ಹೆಸರಲ್ಲೂ ಕೇಳಬಾರದು ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಲ್ಲಿ ಹೇಳಿತು. ನಮ್ಮವರು ಕಾನೂನು ಮುರಿಯುವವರಲ್ಲ. ದೇವರ ಹೆಸರಲ್ಲಿ ವೋಟು ಕೇಳುವುದೇ ಇಲ್ಲ. ಪಾಪ, ದೇವರಿಗೇ ಕಷ್ಟ ಬಂದಿದೆ, ಕೈ ಹಿಡಿಯಿರಿ ಎನ್ನುತ್ತಾರೆ, ಅಷ್ಟೇ.

ಆದರೆ ಈ ಜಿಲ್ಲೆಗೆ ತರಬೇತಿ ಸಾಲದು. ಕಾರವಾರದ ಸದಾಶಿವಗಡದಲ್ಲಿ ದುರ್ಗೆಯ ಗುಡಿಯೂ ಇದೆ, ದರ್ಗಾವೂ ಇದೆ. ಕಾಳಿ ನದಿಯ ಗಾಳಿ ಎರಡಕ್ಕೂ ಬೀಸುತ್ತದೆ. ಅದಕ್ಕೊಂದು ಬೇಲಿ ಹಾಕುವುದು ಯಾರಿಗೂ ಹೊಳೆದಿಲ್ಲ. ಯಲ್ಲಾಪುರ, ಹಳಿಯಾಳದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಜನರಲ್ಲಿ ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಮೂರೂ ಇದ್ದಾರೆ. ಅಲ್ಲಿ ಭಾಷಣ ಮಾಡುವವರು ಅರ್ಧ ಗಂಟೆಗೊಮ್ಮೆ ಶಾಲು ಬದಲಿಸಬೇಕಾಗುತ್ತದೆ. ಸೆಕೆಗೆ ಕಷ್ಟ, ಅಲ್ವಾ?

ಇನ್ನೊಂದು ದೊಡ್ಡ ಲೋಪ ಹೇಳಲೇಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಮೀನುಗಾರರೂ ಪೊಲೀಸರೂ ಸೇರಿ ಚಾಲಕನನ್ನು ಮೇಲೆ ತಂದರು. ಯಾವ ಮತ ಎಂದು ನೀರಿನಲ್ಲೇ ವಿಚಾರಿಸುವುದು ಬಿಟ್ಟು, ಸುಮ್ನೆ ಎತ್ತಿಬಿಟ್ಟರು! ಇಂಥ ಅಜಾಗರೂಕತೆಯ ಮೇಲೆ ಇನ್ನೂ ಯಾರೂ ಪತ್ರಿಕಾಗೋಷ್ಠಿ ಮಾಡಿಲ್ಲ.

ಶಾಲಿನ ಹುಡುಗ ಇನ್ನೂ ಅಲ್ಲೇ ಇದ್ದ. ಕೊನೆಗೆ ಬುಟ್ಟಿ ಇಣುಕಿದ. "ನೂರಕ್ಕೆ ಎಷ್ಟು?"

"ಎಂಟು."

"ಯಾರ ಬೋಟಿಂದು?"

ಅಕ್ಕ ಈಗ ತಲೆ ಎತ್ತಿದಳು. "ಬೋಟಿನವ್ರ ಹೆಸರು ಬೇಕಾ? ಹೆಸರಿಗೆ ಇಪ್ಪತ್ತು ರೂಪಾಯಿ ಜಾಸ್ತಿ."

ಹುಡುಗ ಹೆಸರಿಲ್ಲದ್ದನ್ನೇ ಒಯ್ದ.