ಮೊದಲ ವಾರದ ನಂಬರ್ ಒನ್ ಹಿಡಿದು ಭವಿಷ್ಯ ಹೇಳಬೇಡಿ

ಮತ್ತೆ ಶುರುವಾಗಿದೆ. ಯಾರದೋ ಹೊಸ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ಕ್ಕೆ ಬಂದ ವಾರವೇ ಮೊದಲ ಸ್ಥಾನದಲ್ಲಿ ಕೂತಿದೆ, ಫೀಡ್ ತುಂಬ ಅದರದ್ದೇ ಸ್ಕ್ರೀನ್‌ಶಾಟ್, ಜೊತೆಗೆ ‘ಇನ್ನು ಇಪ್ಪತ್ತು ವರ್ಷ ಇವರದ್ದೇ ಕಾಲ’ ಅನ್ನೋ ಘೋಷಣೆ. ಚಾರ್ಟ್ ವಿಚಾರ ಬಂದರೆ ನನಗೆ ಸುಮ್ಮನಿರೋಕಾಗಲ್ಲ ಅಂತ ಇಲ್ಲಿರುವವರಿಗೆ ಗೊತ್ತೇ ಇದೆ. ಯಾರಿಗೆ ಯಾರು ಇಷ್ಟವಾದರೂ ನನ್ನ ತಕರಾರಿಲ್ಲ. ಆದರೆ ಮೊದಲ ವಾರದ ಅಂಕಿಯಿಂದ ಬಾಳಿಕೆ ಅಳೆಯೋದನ್ನ ನೋಡಿದಾಗೆಲ್ಲ ಸಿಟ್ಟು ಬರುತ್ತೆ, ಯಾಕಂದ್ರೆ ಆ ಅಂಕಿ ಅಳೆಯೋದೇ ಬೇರೆಯದನ್ನ.

ಅದು ಅಳೆಯೋದು ಕಾದು ಕೂತಿದ್ದ ಅಭಿಮಾನಿಗಳ ಸಂಖ್ಯೆಯನ್ನ. ಪಟ್ಟಿಯ ವಾರ ಶುಕ್ರವಾರದಿಂದ ಗುರುವಾರದವರೆಗೆ. ಶುಕ್ರವಾರ ಮಧ್ಯರಾತ್ರಿ ಆಲ್ಬಂ ಬಿಟ್ಟರೆ ಪೂರಾ ಏಳು ದಿನ ಲೆಕ್ಕಕ್ಕೆ ಸಿಗುತ್ತೆ. ಅಭಿಮಾನಿಗಳು ಅಷ್ಟೂ ಹಾಡುಗಳನ್ನ ಒಮ್ಮೆ ಕೇಳಿಯೇ ಕೇಳ್ತಾರೆ, ಹಾಗಾಗಿ ಆಲ್ಬಂನ ಎಲ್ಲ ಹಾಡುಗಳೂ ಒಟ್ಟಿಗೆ ಪಟ್ಟಿಗೆ ನುಗ್ಗುತ್ತವೆ. ಹಾಟ್ 100ರಲ್ಲಿ ಮೂರು ಬಾಬ್ತು ಸೇರುತ್ತವೆ: ಸ್ಟ್ರೀಮಿಂಗ್, ರೇಡಿಯೋ, ಮಾರಾಟ. ಮೊದಲ ವಾರದಲ್ಲಿ ಸ್ಟ್ರೀಮಿಂಗ್ ಮತ್ತು ಮಾರಾಟದ ಅಬ್ಬರ ಇರುತ್ತೆ, ರೇಡಿಯೋ ಇನ್ನೂ ಕಣ್ಣು ಬಿಟ್ಟಿರಲ್ಲ. ರೇಡಿಯೋದವರು ಹಾಡನ್ನ ನಿಧಾನಕ್ಕೆ ಏರಿಸ್ತಾರೆ, ಎರಡು ಮೂರು ತಿಂಗಳು ಹಿಡಿಯೋದು ಸಾಮಾನ್ಯ. ಅಭಿಮಾನಿಗಳಲ್ಲದವರ ಕಿವಿಗೆ ಹಾಡು ಬೀಳೋದು ಆ ಹೊತ್ತಿಗೆ. ಬಾಳಿಕೆ ನಿರ್ಧಾರ ಆಗೋದು ಅಲ್ಲಿಂದ ಮುಂದೆ.

2024ರ ಏಪ್ರಿಲ್ ತಗೊಳ್ಳಿ. ಟೇಲರ್ ಸ್ವಿಫ್ಟ್ ಅವರ ‘ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ ಬಂತು. ಮೊದಲ ವಾರ ಅಮೆರಿಕದಲ್ಲಿ ಮಾರಾಟ ಮತ್ತು ಸ್ಟ್ರೀಮ್ ಸೇರಿ 26 ಲಕ್ಷ ಆಲ್ಬಂಗೆ ಸಮನಾದ ಲೆಕ್ಕ, ಹಾಟ್ 100ರ ಮೊದಲ 14 ಸ್ಥಾನಗಳೂ ಆಕೆಯದ್ದೇ. ಅದೇ ತಿಂಗಳು, ಅದಕ್ಕೂ ಒಂದು ವಾರ ಮುಂಚೆ, ಸಬ್ರಿನಾ ಕಾರ್ಪೆಂಟರ್ ಅವರ ‘ಎಸ್‌ಪ್ರೆಸ್ಸೋ’ ಬಂದಿತ್ತು. ಅದು ಹಾಟ್ 100ರಲ್ಲಿ ಒಂದು ವಾರವೂ ಮೊದಲ ಸ್ಥಾನ ಕಾಣಲಿಲ್ಲ, 3ನೇ ಸ್ಥಾನವೇ ಅದರ ಶಿಖರ. ಸ್ವಿಫ್ಟ್ ಅವರ 14 ಹಾಡುಗಳಲ್ಲಿ ಮೊದಲ ಸ್ಥಾನದಲ್ಲಿದ್ದ ‘ಫೋರ್ಟ್‌ನೈಟ್’ ಎರಡು ವಾರಕ್ಕೆ ಆ ಜಾಗ ಬಿಟ್ಟಿತು. ‘ಎಸ್‌ಪ್ರೆಸ್ಸೋ’ ತಿಂಗಳುಗಟ್ಟಲೆ ಮೊದಲ ಹತ್ತರೊಳಗೇ ಇತ್ತು, ವರ್ಷದ ಕೊನೆಗೆ ಸ್ಪಾಟಿಫೈನಲ್ಲಿ ಇಡೀ ಜಗತ್ತು ಅತಿ ಹೆಚ್ಚು ಕೇಳಿದ ಹಾಡು ಅದೇ. ಆ ಏಪ್ರಿಲ್‌ನ ಸ್ಕ್ರೀನ್‌ಶಾಟ್ ನೋಡಿದವರಿಗೆ ಇದರ ಸುಳಿವೂ ಸಿಗ್ತಿರಲಿಲ್ಲ.

ಬಿಲ್‌ಬೋರ್ಡ್‌ನ ಆಲ್ಬಂ ಪಟ್ಟಿಯ ಲೆಕ್ಕವನ್ನೂ ಬಿಡಿಸಿ ನೋಡಿ. 2018ರಲ್ಲಿ ಬಂದು ವರ್ಷಗಟ್ಟಲೆ ನಡೆದ ನಿಯಮದ ಪ್ರಕಾರ, ಹಣ ಕಟ್ಟಿದ ಚಂದಾದಾರರ 1,250 ಸ್ಟ್ರೀಮ್‌ಗೆ ಒಂದು ಆಲ್ಬಂ ಮಾರಿದ ಲೆಕ್ಕ. ಜಾಹೀರಾತು ಕೇಳಿಕೊಂಡು ಪುಕ್ಕಟೆ ಕೇಳುವವರದ್ದಾದರೆ 3,750 ಸ್ಟ್ರೀಮ್ ಬೇಕು. ಈಗ 31 ಹಾಡಿನ ಆಲ್ಬಂ ಇದೆ ಅಂದುಕೊಳ್ಳಿ. ಚಂದಾದಾರನೊಬ್ಬ ಅದನ್ನ ಸುಮಾರು 40 ಸಲ ಪೂರ್ತಿ ಕೇಳಿದರೆ ಒಂದು ಆಲ್ಬಂ ಆಯ್ತು. 10 ಹಾಡಿನ ಆಲ್ಬಂ ಆದರೆ 125 ಸಲ ಕೇಳಬೇಕು. ಹಾಡು ಜಾಸ್ತಿ ತುರುಕಿದಷ್ಟೂ ಮೊದಲ ವಾರ ದಪ್ಪ ಕಾಣುತ್ತೆ. ಡೀಲಕ್ಸ್ ಆವೃತ್ತಿ, ನಾಲ್ಕು ಬಣ್ಣದ ಎಲ್‌ಪಿ, ಎರಡು ಹೊಸ ಹಾಡು ಸೇರಿಸಿ ಮರುಬಿಡುಗಡೆ, ಇವೆಲ್ಲದರ ಹಿಂದಿರೋದು ಈ ಗಣಿತ. ಬಿಲೀ ಐಲಿಶ್ ಅವರ ‘ಹಿಟ್ ಮಿ ಹಾರ್ಡ್ ಆ್ಯಂಡ್ ಸಾಫ್ಟ್’ನಲ್ಲಿ ಇದ್ದದ್ದು ಬರೀ 10 ಹಾಡು. ಆಲ್ಬಂಗೆ ಮುಂಚೆ ಒಂದು ಸಿಂಗಲ್ (ಬಿಡಿಯಾಗಿ ಬಿಡುವ ಹಾಡು) ಕೂಡ ಬಿಡಲಿಲ್ಲ. ಆದರೂ ಅದರಲ್ಲಿನ ‘ಬರ್ಡ್ಸ್ ಆಫ್ ಎ ಫೆದರ್’ ಕೆಳಗಿನಿಂದ ನಿಧಾನಕ್ಕೆ ಏರುತ್ತಾ 2ನೇ ಸ್ಥಾನಕ್ಕೆ ಬಂತು, ಮರುವರ್ಷವೂ ಜನ ಅದನ್ನ ಬಿಡಲಿಲ್ಲ. ಕೆಳಗಿನಿಂದ ಏರುವ ಹಾಡನ್ನ ನಂಬಿ ಅಂತ ನಾನು ಪದೇಪದೇ ಹೇಳೋದು ಇದಕ್ಕೇ. ಮೇಲಿಂದ ಶುರುವಾದ ಹಾಡಿಗೆ ಇಳಿಯೋ ದಾರಿ ಮಾತ್ರ ಇರುತ್ತೆ.

ಸರಿ, ಬಾಳಿಕೆ ನೋಡಬೇಕು ಅಂದ್ರೆ ಏನು ನೋಡಬೇಕು? ಎರಡನೇ ವಾರದ ಕುಸಿತ ನೋಡಿ. ದೊಡ್ಡ ಅಭಿಮಾನಿ ಬಳಗ ಇರುವವರ ಆಲ್ಬಂ ಅರ್ಧಕ್ಕಿಂತ ಹೆಚ್ಚು ಬೀಳೋದು ಮಾಮೂಲು, ಅದಕ್ಕೆ ಗಾಬರಿ ಬೇಡ. ನಾಲ್ಕನೇ ವಾರದಲ್ಲಿ ಕುಸಿತ ನಿಂತಿದೆಯಾ, ಒಂದಾದರೂ ಹಾಡು ಉಳಿದವುಗಳಿಂದ ಬೇರೆಯಾಗಿ ತಲೆ ಎತ್ತಿದೆಯಾ ಅನ್ನೋದು ಮುಖ್ಯ. ಎಲ್ಲ ಹಾಡುಗಳೂ ಸಾಲಾಗಿ ಒಟ್ಟಿಗೆ ಇಳೀತಿದ್ದರೆ ಹೊಸ ಕೇಳುಗ ಬಂದಿಲ್ಲ ಅಂತ ಅರ್ಥ. ಹತ್ತನೇ ವಾರದ ಹೊತ್ತಿಗೆ ರೇಡಿಯೋ ಪಟ್ಟಿಯಲ್ಲಿ ಹಾಡು ಏರ್ತಿರಬೇಕು. ಇಪ್ಪತ್ತನೇ ವಾರ ದೊಡ್ಡ ಗಡಿ, ಯಾಕಂದ್ರೆ 20 ವಾರ ಆದಮೇಲೆ 50ನೇ ಸ್ಥಾನಕ್ಕಿಂತ ಕೆಳಗಿರುವ ಹಾಡನ್ನ ಹಾಟ್ 100ರಿಂದ ತೆಗೆದುಬಿಡ್ತಾರೆ. 2025ರ ಅಕ್ಟೋಬರ್‌ನಲ್ಲಿ ಈ ನಿಯಮವನ್ನ ಇನ್ನೂ ಬಿಗಿ ಮಾಡಿದರು, 26 ವಾರದ ನಂತರ 25ರೊಳಗೆ ಇಲ್ಲದಿದ್ದರೂ ಹೊರಗೆ. ಇಷ್ಟನ್ನೂ ದಾಟಿ ನಿಂತ ಹಾಡಿನ ಸ್ಕ್ರೀನ್‌ಶಾಟ್ ಹಾಕಿ, ನಾನೇ ಮೊದಲು ಲೈಕ್ ಒತ್ತುತ್ತೇನೆ.

ಇಲ್ಲಿ ಇನ್ನೊಂದು ಗೊಂದಲವೂ ಇದೆ. ಹಾಡಿನ ಬಾಳಿಕೆಯೇ ಬೇರೆ, ಕಲಾವಿದರ ಬಾಳಿಕೆಯೇ ಬೇರೆ. ಗ್ಲಾಸ್ ಅನಿಮಲ್ಸ್ ತಂಡದ ‘ಹೀಟ್ ವೇವ್ಸ್’ 59ನೇ ವಾರದಲ್ಲಿ ಮೊದಲ ಸ್ಥಾನಕ್ಕೆ ಬಂದು, ಒಟ್ಟು 91 ವಾರ ಪಟ್ಟಿಯಲ್ಲಿತ್ತು. ಟೆಡಿ ಸ್ವಿಮ್ಸ್ ಅವರ ‘ಲೂಸ್ ಕಂಟ್ರೋಲ್’ 100 ವಾರ ದಾಟಿದ ಮೊದಲ ಹಾಡು. ಎರಡೂ ಅದ್ಭುತ ಸಾಧನೆ. ಆದರೆ ಅದೇ ಗಾತ್ರದ ಎರಡನೇ ಹಾಡು ಗ್ಲಾಸ್ ಅನಿಮಲ್ಸ್‌ಗೆ ಸಿಗಲಿಲ್ಲ. ಇದನ್ನ ಪರೀಕ್ಷೆ ಮಾಡೋಕೆ ಯಾವ ಗುಪ್ತ ಅಂಕಿಅಂಶವೂ ಬೇಕಿಲ್ಲ. ಸ್ಪಾಟಿಫೈನಲ್ಲಿ ಕಲಾವಿದರ ಪುಟ ತೆಗೆದು ಮೊದಲ ಹಾಡಿನ ಸಂಖ್ಯೆ ಮತ್ತು ಐದನೇ ಹಾಡಿನ ಸಂಖ್ಯೆ ನೋಡಿ. ಮೊದಲನೆಯದು ನೂರು ಕೋಟಿ, ಐದನೆಯದು ಐದು ಕೋಟಿ ಇದ್ದರೆ ಜನರಿಗೆ ಗೊತ್ತಿರೋದು ಆ ಒಂದು ಹಾಡು, ಹಾಡಿದವರಲ್ಲ. ಆ ಐದು ಹಾಡುಗಳು ಯಾವ ಯಾವ ವರ್ಷದವು ಅನ್ನೋದನ್ನೂ ನೋಡಿ. ಐದೂ ಒಂದೇ ವರ್ಷದವಾದರೆ ಇನ್ನೂ ಏನೂ ಹೇಳೋ ಹಾಗಿಲ್ಲ. ಮೂರು ಬೇರೆ ಬೇರೆ ಆಲ್ಬಂಗಳಿಂದ ಬಂದಿದ್ದರೆ ಬುನಾದಿ ಗಟ್ಟಿ ಇದೆ.

ಅಭಿಮಾನಿಗಳ ಪ್ರೀತಿಯೇ ದೊಡ್ಡ ಬಂಡವಾಳ, ಸ್ವಿಫ್ಟ್ ಅವರೇ ಸಾಕ್ಷಿ ಅಂತ ಹೇಳೋರಿದ್ದಾರೆ. ಬಂಡವಾಳ ಹೌದು. ಆದರೆ ಸ್ವಿಫ್ಟ್ ಉಳಿದದ್ದು ಮೊದಲ ವಾರಗಳಿಂದ ಅಲ್ಲವೇ ಅಲ್ಲ. 2019ರ ‘ಲವರ್’ ಆಲ್ಬಂನಿಂದ ಮೊದಲು ಬಿಟ್ಟ ಎರಡು ಸಿಂಗಲ್‌ಗಳು 2ನೇ ಸ್ಥಾನದವರೆಗೆ ಹೋಗಿ ಇಳಿದವು. ಅದೇ ಆಲ್ಬಂನಲ್ಲಿ ಆಗ ಸಿಂಗಲ್ ಆಗದೇ ಉಳಿದಿದ್ದ ‘ಕ್ರೂಯಲ್ ಸಮ್ಮರ್’ ನಾಲ್ಕು ವರ್ಷದ ಮೇಲೆ, 2023ರ ಅಕ್ಟೋಬರ್‌ನಲ್ಲಿ, ಮೊದಲ ಸ್ಥಾನಕ್ಕೆ ಬಂತು. ‘ಎರಾಸ್’ ಸಂಗೀತ ಪ್ರವಾಸದಲ್ಲಿ ಅದನ್ನ ಹಾಡಿದರು, ಆ ಕಾರ್ಯಕ್ರಮಗಳಿಗೆ ಹೋದವರು ಮನೆಗೆ ಬಂದು ಮತ್ತೆ ಕೇಳಿದರು, ರೇಡಿಯೋದವರು ಕೈಗೆತ್ತಿಕೊಂಡರು. ಹಳೇ ಆಲ್ಬಂ ತನ್ನಷ್ಟಕ್ಕೆ ದುಡಿಯೋದು ಅಂದ್ರೆ ಇದು. ಆಕೆ ಉಳೀತಾರೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ, ಕಾರಣ ಮಾತ್ರ ಸ್ಕ್ರೀನ್‌ಶಾಟ್‌ನಲ್ಲಿ ಇರೋದಲ್ಲ.

ಹಾಗಾದ್ರೆ ಬಹಳ ಕಾಲ ಉಳಿಯೋರ ನನ್ನ ಪಟ್ಟಿ ಯಾವುದು? ದಿ ವೀಕೆಂಡ್ ಮತ್ತು ಬ್ರೂನೋ ಮಾರ್ಸ್ ಬಗ್ಗೆ ವಾದವೇ ಬೇಡ. ವೀಕೆಂಡ್ ಅವರ ‘ಬ್ಲೈಂಡಿಂಗ್ ಲೈಟ್ಸ್’ 90 ವಾರ ಪಟ್ಟಿಯಲ್ಲಿತ್ತು. ಮಾರ್ಸ್ 2010ರಲ್ಲಿ ‘ಜಸ್ಟ್ ದ ವೇ ಯು ಆರ್’ ಮೂಲಕ ಮೊದಲ ಸ್ಥಾನಕ್ಕೆ ಬಂದವರು, 2025ರ ಜನವರಿಯಲ್ಲಿ ಲೇಡಿ ಗಾಗಾ ಜೊತೆ ‘ಡೈ ವಿತ್ ಎ ಸ್ಮೈಲ್’ ಮೂಲಕ ಮತ್ತೆ ಅಲ್ಲಿಗೇ ಬಂದರು. ನಡುವೆ ವರ್ಷಗಟ್ಟಲೆ ಒಂದು ಆಲ್ಬಂ ಇಲ್ಲದ ಕಾಲವೂ ಇತ್ತು, ಜನ ಮರೆಯಲಿಲ್ಲ. ಗಾಯಕಿ ಎಸ್‌ಝಡ್‌ಎ ಉಳೀತಾರೆ: 2017ರ ‘ಕಂಟ್ರೋಲ್’ ವರ್ಷಗಟ್ಟಲೆ ಆಲ್ಬಂ ಪಟ್ಟಿ ಬಿಡಲಿಲ್ಲ, 2022ರ ಡಿಸೆಂಬರ್‌ನ ‘ಎಸ್‌ಒಎಸ್’ ಎರಡು ವರ್ಷ ಕಳೆದು 2025ರ ಜನವರಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಅದಕ್ಕೆ ಹೊಸ ಹಾಡುಗಳ ಮರುಬಿಡುಗಡೆ ಸಹಾಯ ಮಾಡಿತು ನಿಜ. ಆದರೆ ಎರಡು ವರ್ಷ ಪಟ್ಟಿಯ ಮೇಲ್ಭಾಗದಲ್ಲೇ ಇದ್ದ ಆಲ್ಬಂಗೆ ಮಾತ್ರ ಅಂಥ ತಳ್ಳು ಕೆಲಸ ಮಾಡುತ್ತೆ.

ರ‍್ಯಾಪ್ ವಿಷಯಕ್ಕೆ ಬಂದರೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಮೊದಲ ವಾರದ ಹುಚ್ಚು ಅತಿ ಹೆಚ್ಚು ಹಾಳು ಮಾಡಿರೋದು ಇದನ್ನೇ. 2021ರ ಸೆಪ್ಟೆಂಬರ್‌ನಲ್ಲಿ ಡ್ರೇಕ್ ಅವರ ‘ಸರ್ಟಿಫೈಡ್ ಲವರ್ ಬಾಯ್’ನ ಒಂಬತ್ತು ಹಾಡುಗಳು ಮೊದಲ ಹತ್ತರಲ್ಲಿದ್ದವು, ಮೊದಲ ಸ್ಥಾನದ ಹಾಡು ಅಲ್ಲಿದ್ದದ್ದು ಒಂದೇ ವಾರ. ಇದೇ ಡ್ರೇಕ್ 2009ರಿಂದ 2017ರವರೆಗೆ ಸತತ 431 ವಾರ, ಅಂದ್ರೆ ಎಂಟು ವರ್ಷಕ್ಕೂ ಹೆಚ್ಚು, ಹಾಟ್ 100ರಲ್ಲಿ ಕನಿಷ್ಠ ಒಂದು ಹಾಡಿನೊಂದಿಗೆ ಇದ್ದವರು. ‘ಒನ್ ಡ್ಯಾನ್ಸ್’, ‘ಗಾಡ್ಸ್ ಪ್ಲ್ಯಾನ್’ ಇನ್ನೂ ಬಹಳ ಕಾಲ ಓಡುತ್ತವೆ. ಇಪ್ಪತ್ತು ಹಾಡಿನ ಆಲ್ಬಂಗಳು ಓಡಲ್ಲ.

ರ‍್ಯಾಪ್‌ನಲ್ಲಿ ಆಗ್ತಿರೋ ತಪ್ಪು ಏನು? ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್. ಹಾಡು ಎರಡು ನಿಮಿಷದ್ದಾದರೂ ಒಂದೇ, ಐದು ನಿಮಿಷದ್ದಾದರೂ ಒಂದೇ. ಹಾಗಾಗಿ ಹುಕ್ (ತಲೆಯಲ್ಲಿ ಕೂರುವ ಸಾಲು) ಮೊದಲೇ ಬಂತು, ಎರಡನೇ ವರ್ಸ್ (ಚರಣ) ಮೊಟಕಾಯಿತು, ಬ್ರಿಜ್ (ನಡುವೆ ರಾಗ ಬದಲಾಗುವ ಭಾಗ) ಮಾಯವಾಯಿತು. ಟಿಕ್‌ಟಾಕ್‌ನಲ್ಲಿ ಹದಿನೈದು ಸೆಕೆಂಡ್ ಎಲ್ಲರಿಗೂ ಬಾಯಿಪಾಠ, ಅದರಾಚೆಗೆ ಹಾಡಿನಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಅಂಥ ಹಾಡು ಆ ತುಣುಕಿನ ಜೊತೆಗೇ ಸಾಯುತ್ತೆ. ರಾಡಿ ರಿಚ್ ಅವರ ‘ದ ಬಾಕ್ಸ್’ 2020ರಲ್ಲಿ 11 ವಾರ ಮೊದಲ ಸ್ಥಾನದಲ್ಲಿತ್ತು, ಆ ಮಟ್ಟದ ಇನ್ನೊಂದು ಸ್ವಂತ ಹಾಡು ಅವರಿಂದ ಬರಲಿಲ್ಲ. 2025ರ ಅಕ್ಟೋಬರ್ 25ರ ಪಟ್ಟಿಯ ಮೊದಲ 40ರಲ್ಲಿ ಒಂದೂ ರ‍್ಯಾಪ್ ಹಾಡು ಇರಲಿಲ್ಲ, 1990ರ ನಂತರ ಮೊದಲ ಸಲ. ಹೊಸ ನಿಯಮದಿಂದ ‘ಲೂಥರ್’ ಹೊರಬಿದ್ದದ್ದೂ ಒಂದು ಕಾರಣ, ಒಪ್ಪುತ್ತೇನೆ. ಆದರೆ ಒಂದು ಹಾಡು ಹೋದರೆ ಇಡೀ ಪ್ರಕಾರವೇ ಖಾಲಿ ಕಾಣುತ್ತೆ ಅಂದ್ರೆ ಅದರ ಹಿಂದೆ ಸಾಲಾಗಿ ನಿಂತವರು ಯಾರೂ ಇರಲಿಲ್ಲ ಅಂತ ತಾನೇ?

ಆ ‘ಲೂಥರ್’ ಕೆಂಡ್ರಿಕ್ ಲಮಾರ್ ಮತ್ತು ಎಸ್‌ಝಡ್‌ಎ ಅವರದ್ದು, 13 ವಾರ ಮೊದಲ ಸ್ಥಾನದಲ್ಲಿದ್ದ ಹಾಡು. ಈಗಿನ ರ‍್ಯಾಪರ್‌ಗಳಲ್ಲಿ ಕಣ್ಣು ಮುಚ್ಚಿ ಬಾಜಿ ಕಟ್ಟೋದಾದರೆ ನಾನು ಕಟ್ಟೋದು ಲಮಾರ್ ಮೇಲೆ. 2012ರ ‘ಗುಡ್ ಕಿಡ್, ಮ್ಯಾಡ್ ಸಿಟಿ’ ಹತ್ತು ವರ್ಷ ದಾಟಿಯೂ ಆಲ್ಬಂ ಪಟ್ಟಿಯಲ್ಲೇ ಇತ್ತು. ‘ನಾಟ್ ಲೈಕ್ ಅಸ್’ ಡ್ರೇಕ್ ಜೊತೆಗಿನ ಜಗಳಕ್ಕೆ ಹುಟ್ಟಿದ ಹಾಡು, ಜಗಳ ತಣ್ಣಗಾದರೆ ಹಾಡೂ ತಣ್ಣಗಾಗುತ್ತೆ ಅಂತ ಎಷ್ಟೋ ಜನ ಬರೆದರು. ಜಗಳದ ಹಿನ್ನೆಲೆ ಗೊತ್ತಿಲ್ಲದವರೂ ಕುಣಿಯುವಂಥ ಬೀಟ್, ಒಂದು ಸಲಕ್ಕೇ ಹಿಡಿಯುವ ಹುಕ್ ಅದಕ್ಕಿತ್ತು. 2025ರ ಫೆಬ್ರವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ವೇದಿಕೆ ಮೇಲೆ ಹಾಡಿದ ಮೇಲೆ, ಬಿಡುಗಡೆಯಾಗಿ ಒಂಬತ್ತು ತಿಂಗಳಾದ ಹಾಡು ಮತ್ತೆ ಮೊದಲ ಸ್ಥಾನಕ್ಕೆ ಬಂತು. ಎಮಿನೆಮ್ ಹಾದಿಯೂ ಇದೇ: 2002ರ ‘ಟಿಲ್ ಐ ಕೊಲ್ಯಾಪ್ಸ್’ ಸಿಂಗಲ್ ಆಗಿರಲೇ ಇಲ್ಲ, ಆದರೂ ವ್ಯಾಯಾಮ ಮಾಡುವವರ ಪ್ಲೇಲಿಸ್ಟ್ ಹಿಡಿದು ಅವರ ಅತಿ ಹೆಚ್ಚು ಕೇಳಿದ ಹಾಡುಗಳಲ್ಲಿ ಒಂದಾಯಿತು. ಜನರ ದಿನಚರಿಯೊಳಗೆ ಒಂದು ಜಾಗ ಸಿಕ್ಕರೆ ಸಾಕು, ಪ್ರಚಾರ ಬೇಕಿಲ್ಲ.

ಟೈಲರ್ ದಿ ಕ್ರಿಯೇಟರ್ ಆಲ್ಬಂ ಲೆಕ್ಕದಲ್ಲಿ ಉಳೀತಾರೆ, ಸಿಂಗಲ್ ಲೆಕ್ಕದಲ್ಲಲ್ಲ. 2024ರಲ್ಲಿ ‘ಕ್ರೊಮಾಕೋಪಿಯಾ’ವನ್ನ ಬೇಕಂತಲೇ ಸೋಮವಾರ ಬಿಟ್ಟರು, ಮೂರು ದಿನದ ಲೆಕ್ಕ ಕೈಬಿಟ್ಟೂ ಮೊದಲ ಸ್ಥಾನ ಬಂತು. ಹೊಸ ರ‍್ಯಾಪರ್ ಡೋಚಿ ಬಗ್ಗೆ ನನಗೆ ತುಂಬ ಆಸೆ ಇದೆ. ಗ್ರ್ಯಾಮಿ ಬಂದಿದೆ, ದನಿ ಯಾರದ್ದರಂತೆಯೂ ಇಲ್ಲ. ಆದರೆ ಎರಡನೇ, ಮೂರನೇ ಆಲ್ಬಂ ನೋಡದೆ ಆಕೆಯ ಬಗ್ಗೆಯೂ ಘೋಷಣೆ ಮಾಡಲ್ಲ.

ಹೊಸ ಪಾಪ್‌ನಲ್ಲಿ ಸಬ್ರಿನಾ ಕಾರ್ಪೆಂಟರ್ ಮತ್ತು ಚಾಪೆಲ್ ರೋನ್ ಇಬ್ಬರ ಮೇಲೂ ನನಗೆ ನಂಬಿಕೆ ಇದೆ, ಯಾಕಂದ್ರೆ ಇಬ್ಬರೂ ತಡವಾಗಿ ಗೆದ್ದವರು. ‘ಶಾರ್ಟ್ ಎನ್ ಸ್ವೀಟ್’ ಕಾರ್ಪೆಂಟರ್ ಅವರ ಆರನೇ ಆಲ್ಬಂ, ಮೊದಲನೆಯದು ಬಂದದ್ದು 2015ರಲ್ಲಿ. ಯಾವ ಹಾಡು ವೇದಿಕೆ ಮೇಲೆ ನಿಲ್ಲುತ್ತೆ, ಯಾವುದು ಬೀಳುತ್ತೆ ಅನ್ನೋದು ಅಷ್ಟು ಹೊತ್ತಿಗೆ ಆಕೆಗೆ ಗೊತ್ತಾಗಿತ್ತು. ರೋನ್ ಅವರ ‘ಪಿಂಕ್ ಪೋನಿ ಕ್ಲಬ್’ 2020ರಲ್ಲಿ ಬಂದಾಗ ಯಾರೂ ಕೇಳಲಿಲ್ಲ, ಅದೇ ವರ್ಷ ರೆಕಾರ್ಡ್ ಕಂಪನಿ ಆಕೆಯನ್ನ ಕೈಬಿಟ್ಟಿತು. 2023ರ ಆಲ್ಬಂನಲ್ಲಿ ಅದೇ ಹಾಡನ್ನ ಮತ್ತೆ ಸೇರಿಸಿದರು. 2024ರಲ್ಲಿ ಸಂಗೀತೋತ್ಸವಗಳಲ್ಲಿ ಸಾವಿರಾರು ಜನ ಅದನ್ನ ಆಕೆಯ ಜೊತೆ ಹಾಡಿದರು, 2025ರಲ್ಲಿ ಅದು ಹಾಟ್ 100ರ 4ನೇ ಸ್ಥಾನಕ್ಕೆ ಬಂತು. ಐದು ವರ್ಷ ಹಳೆಯ ಹಾಡು. ಇನ್ನು ಆಕೆ ಎರಡನೇ ಆಲ್ಬಂ ಬಿಟ್ಟಾಗ ಅದು ಮೊದಲ ವಾರ ಮೊದಲ ಸ್ಥಾನಕ್ಕೆ ಬರಲಿಲ್ಲ ಅಂತ ಯಾರಾದರೂ ‘ಕಥೆ ಮುಗೀತು’ ಎಂದು ಬರೆದರೆ, ಕಾಮೆಂಟ್‌ನಲ್ಲಿ ಮೊದಲು ಜಗಳಕ್ಕೆ ಬರೋದು ನಾನೇ.